ಲುಸಿಟಾನಿಯಾ ಮುಳುಗಿದ ಮೇಲೂ ಎರಡು ವರ್ಷ ಸುಮ್ನಿದ್ದ ಅಮೆರಿಕ 1917ರಲ್ಲಿ ಯಾಕೆ ಯುದ್ಧಕ್ಕೆ ಇಳಿಯಿತು?

ಹಳೇಪುಟ
ಶಾಲೆಯಲ್ಲಿ ನಾವೆಲ್ಲ ಓದಿದ್ದು ಒಂದೇ ಸಾಲು. ಜರ್ಮನಿ ಲುಸಿಟಾನಿಯಾ ಎಂಬ ಬ್ರಿಟಿಷ್ ಪ್ರಯಾಣಿಕರ ಹಡಗನ್ನು ಮುಳುಗಿಸಿತು, ಅದಕ್ಕೆ ಅಮೆರಿಕ ಮೊದಲ ಮಹಾಯುದ್ಧಕ್ಕೆ ಸೇರಿತು. ಅಷ್ಟೇ. ಮೊನ್ನೆ ಸುಮ್ನೆ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಹಡಗು ಮುಳುಗಿದ್ದು 1915ರ ಮೇ 7. ಅಮೆರಿಕ ಯುದ್ಧ ಘೋಷಿಸಿದ್ದು 1917ರ ಏಪ್ರಿಲ್ 6. ಮಧ್ಯೆ ಹತ್ತಿರ ಹತ್ತಿರ ಎರಡು ವರ್ಷ! ಯಾರಾದರೂ ಕೆನ್ನೆಗೆ ಹೊಡೆದರೆ ಎರಡು ವರ್ಷ ಬಿಟ್ಟು ತಿರುಗಿ ಹೊಡೆಯುತ್ತಾರಾ?

1914ರ ಆಗಸ್ಟ್‌ನಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ತನ್ನ ಜನರಿಗೆ ಹೇಳಿದ್ದು, ಮಾಡುವುದರಲ್ಲಿ ಮಾತ್ರವಲ್ಲ, ಯೋಚನೆಯಲ್ಲೂ ಪಕ್ಷಪಾತ ಬೇಡ ಅಂತ. 1916ರಲ್ಲಿ ಮತ್ತೆ ಗೆದ್ದಿದ್ದು "ನಮ್ಮನ್ನು ಯುದ್ಧದಿಂದ ಹೊರಗಿಟ್ಟವನು" ಎಂಬ ಪ್ರಚಾರದ ಮೇಲೆ. ಗೆದ್ದು ಐದೇ ತಿಂಗಳಿಗೆ ಯುದ್ಧ. ಇದು ಹೇಗೆ ಆಯಿತು? ಗೊತ್ತಿದ್ದವರು ಬಿಡಿಸಿ ಹೇಳಿ.

ಲೆಕ್ಕದಮೇಷ್ಟ್ರು
ದುಡ್ಡು. ಮುಂದಿನ ಪ್ರಶ್ನೆ ಕೇಳಿ.

ಕಡಲಕಾಗೆ
ಮೇಷ್ಟ್ರು ಬಂದರು, ಎಳೆ ಅರ್ಧ ಗಂಟೆಯಲ್ಲಿ ಮುಗಿಯುತ್ತೆ ಅಂದುಕೊಂಡಿದ್ದಾರೆ 😀

ಹಳೇಪುಟ ಅವರೇ, ಉತ್ತರ ಸಮುದ್ರದಲ್ಲಿದೆ. ಆ ಕಾಲದ ನಿಯಮ ಏನಿತ್ತು ಅಂದರೆ, ವ್ಯಾಪಾರದ ಹಡಗು ಸಿಕ್ಕರೆ ಮೊದಲು ನಿಲ್ಲಿಸಬೇಕು, ತಪಾಸಣೆ ಮಾಡಬೇಕು, ಮುಳುಗಿಸುವುದೇ ಆದರೆ ಒಳಗಿರುವ ಜನರನ್ನು ಸುರಕ್ಷಿತವಾಗಿ ಇಳಿಸಿಯೇ ಮುಳುಗಿಸಬೇಕು. ದೊಡ್ಡ ಯುದ್ಧನೌಕೆಗಳಿಗೆ ಮಾಡಿದ ನಿಯಮ ಇದು. ಸಬ್‌ಮರೀನ್ ಈ ನಿಯಮ ಪಾಲಿಸಲು ಹೊರಟರೆ ಅದರ ಕಥೆ ಮುಗಿಯಿತು. ಅದರ ಮೈ ತೆಳು, ಜನ ಕಡಿಮೆ, ಹಿಡಿದವರನ್ನು ಕೂರಿಸಲು ಜಾಗವೇ ಇಲ್ಲ. ನೀರಿನ ಮೇಲೆ ಬಂದರೆ ವ್ಯಾಪಾರದ ಹಡಗಿನ ಒಂದು ಸಣ್ಣ ಫಿರಂಗಿಯೇ ಸಾಕು ಅದನ್ನು ತೂತು ಮಾಡಲು. ಬ್ರಿಟನ್ನಿನವರು ಮಾಡಿದ್ದೂ ಅದನ್ನೇ. ಬಡಪಾಯಿ ಸರಕು ಹಡಗಿನಂತೆ ವೇಷ ಹಾಕಿಸಿ, ಒಳಗೆ ಫಿರಂಗಿ ಬಚ್ಚಿಟ್ಟು ಕಳಿಸುತ್ತಿದ್ದರು. ಸಬ್‌ಮರೀನ್ ಮೇಲೆ ಬಂದ ಕೂಡಲೇ ಪರದೆ ಸರಿಸಿ ಗುಂಡು.

ಹಾಗಾಗಿ ಜರ್ಮನಿಗೆ ಎರಡೇ ದಾರಿ. ಎಚ್ಚರಿಕೆ ಕೊಡದೆ ಹೊಡೆಯಬೇಕು, ಇಲ್ಲ ಸಬ್‌ಮರೀನನ್ನು ಬಂದರಿನಲ್ಲೇ ಕಟ್ಟಿ ಹಾಕಬೇಕು. ಎರಡು ವರ್ಷ ಅದು ಈ ಎರಡರ ಮಧ್ಯೆ ಓಲಾಡಿತು. ಅಮೆರಿಕ ಎರಡು ವರ್ಷ ಕಾದಿದ್ದಕ್ಕೆ ಕಾರಣ ಅದೇ.

ಸಂಶಯಪಿಶಾಚಿ
ಲುಸಿಟಾನಿಯಾದಲ್ಲಿ ಮದ್ದುಗುಂಡು ಇತ್ತು ಅಲ್ವಾ? ಅದನ್ನು ಯಾಕೆ ಯಾರೂ ಹೇಳುವುದಿಲ್ಲ?

ಕಡಲಕಾಗೆ
ಇತ್ತು. ಬಚ್ಚಿಟ್ಟದ್ದೇನೂ ಅಲ್ಲ, ಸರಕಿನ ಪಟ್ಟಿಯಲ್ಲೇ ಇತ್ತು. ಸುಮಾರು 42 ಲಕ್ಷ ರೈಫಲ್ ಗುಂಡುಗಳು. ಹಡಗು ನ್ಯೂಯಾರ್ಕ್ ಬಿಟ್ಟ ದಿನವೇ ಜರ್ಮನ್ ರಾಯಭಾರ ಕಚೇರಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟಿತ್ತು. ಬ್ರಿಟಿಷ್ ಹಡಗು ಹತ್ತಿದರೆ ನಿಮ್ಮ ಜೀವಕ್ಕೆ ನೀವೇ ಹೊಣೆ ಅಂತ. ಕೆಲವು ಪತ್ರಿಕೆಗಳಲ್ಲಿ ಅದು ಹಡಗು ಕಂಪನಿಯ ಜಾಹೀರಾತಿನ ಪಕ್ಕದಲ್ಲೇ ಅಚ್ಚಾಗಿತ್ತು. ಓದಿಯೂ ಜನ ಹತ್ತಿದರು. ಇಷ್ಟು ವೇಗದ ಹಡಗನ್ನು ಯಾರು ಹಿಡಿಯುತ್ತಾರೆ ಎಂಬ ಧೈರ್ಯ.

ಐರ್ಲೆಂಡ್ ಕರಾವಳಿಯ ಹತ್ತಿರ ಯು-20 ಎಂಬ ಜರ್ಮನ್ ಸಬ್‌ಮರೀನ್ ಒಂದೇ ಟಾರ್ಪೆಡೊ ಬಿಟ್ಟಿತು. 18 ನಿಮಿಷದಲ್ಲಿ ಹಡಗು ನೀರಿನೊಳಗೆ. ಒಂದು ಕಡೆ ವಾಲಿಕೊಂಡಿದ್ದರಿಂದ ಜೀವರಕ್ಷಕ ದೋಣಿಗಳಲ್ಲಿ ಬಹಳಷ್ಟನ್ನು ಇಳಿಸಲೂ ಆಗಲಿಲ್ಲ. ಸತ್ತವರು ಸುಮಾರು 1,200. ಅವರಲ್ಲಿ 128 ಜನ ಅಮೆರಿಕನ್ನರು.

ಮಳೆಬಿಲ್ಲು
ಆಗ ಅಮೆರಿಕದ ಜನ ಯುದ್ಧ ಬೇಕು ಅನ್ನಲಿಲ್ವಾ?

ಅಂಚೆಪೆಟ್ಟಿಗೆ
ಕೆಲವರು ಅಂದರು. ಹಳೇ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅಂತೂ ಕೂಗಾಡಿದರು. ಆದರೆ ಬಹುಪಾಲು ಜನಕ್ಕೆ ಕೋಪ ಬಂತು, ಯುದ್ಧ ಬೇಕಿರಲಿಲ್ಲ. ಅದು ಎರಡೂ ಬೇರೆ ಬೇರೆ. ಮೂರು ದಿನ ಕಳೆದು ವಿಲ್ಸನ್ ಫಿಲಡೆಲ್ಫಿಯಾದಲ್ಲಿ ಮಾತಾಡುತ್ತಾ, ಜಗಳಕ್ಕೆ ಇಳಿಯದಷ್ಟು ಸ್ವಾಭಿಮಾನವೂ ಒಬ್ಬ ಮನುಷ್ಯನಿಗೆ ಇರಬಹುದು ಎಂಬರ್ಥದ ಮಾತು ಹೇಳಿ ಎಲ್ಲರ ಬಾಯಿಗೂ ಬಿದ್ದರು.

ನನಗೆ ಈ ಕಥೆಯಲ್ಲಿ ಇಷ್ಟವಾಗುವ ಮನುಷ್ಯ ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್. ಅವರ ವಾದ ಸರಳ. ಜರ್ಮನಿಗೆ ಖಾರವಾಗಿ ಪತ್ರ ಬರೆಯುವುದಾದರೆ ಜರ್ಮನಿಗೆ ಸಮುದ್ರದಲ್ಲಿ ದಿಗ್ಬಂಧನ ಹಾಕಿರುವ ಬ್ರಿಟನ್ನಿಗೂ ಅಷ್ಟೇ ಖಾರವಾಗಿ ಬರೆಯಿರಿ. ಮದ್ದುಗುಂಡು ಹೊತ್ತ ಹಡಗು ತನ್ನ ಪ್ರಯಾಣಿಕರನ್ನೇ ಗುರಾಣಿ ಮಾಡಿಕೊಳ್ಳಬಾರದು. ಸಾಧ್ಯವಾದರೆ ಅಮೆರಿಕನ್ನರಿಗೆ ಅಂಥ ಹಡಗು ಹತ್ತಬೇಡಿ ಅಂತ ಹೇಳಿಬಿಡಿ. ವಿಲ್ಸನ್ ಒಪ್ಪಲಿಲ್ಲ. 1915ರ ಜೂನ್‌ನಲ್ಲಿ ಬ್ರಯಾನ್ ರಾಜೀನಾಮೆ ಕೊಟ್ಟು ಎದ್ದು ಹೋದರು. ಅವರ ಜಾಗಕ್ಕೆ ಬಂದ ಲ್ಯಾನ್ಸಿಂಗ್‌ಗೆ ಮಿತ್ರಕೂಟದ (ಬ್ರಿಟನ್, ಫ್ರಾನ್ಸ್, ರಷ್ಯಾ ಕಡೆಯ) ಮೇಲೆ ಒಲವು ಜಾಸ್ತಿ.

ನನ್ನ ಮಟ್ಟಿಗೆ ತಟಸ್ಥ ನೀತಿಗೆ ಮೊದಲ ಬಿರುಕು ಬಿದ್ದದ್ದು ಅವತ್ತು. 1917ರಲ್ಲಿ ಅಲ್ಲ.

ನಿದ್ದೆಗೆಟ್ಟವ
ಬ್ರಯಾನ್ ಮಾತು ಕೇಳಿದ್ದರೆ ಏನಾಗುತ್ತಿತ್ತು ಗೊತ್ತಾ? ಸಮುದ್ರದಲ್ಲಿ ಯಾರು ಬೇಕಾದರೂ ನಿಮ್ಮ ಜನರನ್ನು ಕೊಲ್ಲಬಹುದು, ನೀವು "ಮನೆಯಲ್ಲೇ ಇರಿ" ಅಂತ ಹೇಳುತ್ತೀರಿ. ಯಾವ ದೇಶದ ಸರ್ಕಾರ ಹಾಗೆ ಹೇಳಿ ಚುನಾವಣೆ ಗೆಲ್ಲುತ್ತೆ?

ಅಂಚೆಪೆಟ್ಟಿಗೆ
1916ರಲ್ಲಿ ಅದೇ ಅರ್ಥದ ಗೊತ್ತುವಳಿಯನ್ನು ಕಾಂಗ್ರೆಸ್‌ನಲ್ಲಿ ಗೋರ್ ಮತ್ತು ಮೆಕ್‌ಲೆಮೋರ್ ಎಂಬ ಇಬ್ಬರು ತಂದರು. ಒಳ್ಳೇ ಬೆಂಬಲವೂ ಇತ್ತು. ವಿಲ್ಸನ್ ತಮ್ಮ ಪ್ರಭಾವವನ್ನೆಲ್ಲ ಬಳಸಿ ಅದನ್ನು ಬದಿಗೆ ಸರಿಸಿದರು. ಜನ ಒಪ್ಪುತ್ತಿರಲಿಲ್ಲ ಅನ್ನುವುದು ನಿಮ್ಮ ಊಹೆ. 1935ರ ಮೇಲೆ ಬಂದ ತಟಸ್ಥ ಕಾಯಿದೆಗಳಲ್ಲಿ ಇದನ್ನೇ ಸೇರಿಸಿದರು, ಯುದ್ಧ ಮಾಡುವ ದೇಶಗಳ ಹಡಗು ಹತ್ತಬಾರದು ಅಂತ. ಜನ ಕೈ ಎತ್ತಿ ಬೆಂಬಲಿಸಿದರು.

ನಿದ್ದೆಗೆಟ್ಟವ
ಹೌದು, ಒಂದು ಲಕ್ಷಕ್ಕೂ ಜಾಸ್ತಿ ಹೆಣ ಬಿದ್ದ ಮೇಲೆ.

ಲೆಕ್ಕದಮೇಷ್ಟ್ರು
ಸರಿ, ಒಂದು ಪದದಲ್ಲಿ ಮುಗಿಸಲು ಬಿಡುವುದಿಲ್ಲ ನೀವು. ಅಂಕಿ ಕೊಡುತ್ತೇನೆ.

1914ರಲ್ಲಿ ಅಮೆರಿಕ ಮಿತ್ರಕೂಟಕ್ಕೆ ಮಾರಿದ ಸರಕು ಸುಮಾರು 82 ಕೋಟಿ ಡಾಲರ್. 1916ರಲ್ಲಿ 320 ಕೋಟಿ. ಜರ್ಮನಿ ಕಡೆಗಿನ ವ್ಯಾಪಾರ ಇದೇ ಅವಧಿಯಲ್ಲಿ ಸುಮಾರು 17 ಕೋಟಿಯಿಂದ ಹತ್ತು ಲಕ್ಷದ ಆಸುಪಾಸಿಗೆ ಇಳಿಯಿತು. ಕಾನೂನಿನ ಪ್ರಕಾರ ಇಬ್ಬರಿಗೂ ಮಾರಬಹುದು. ಆದರೆ ಒಬ್ಬನ ಬಂದರಿಗೆ ಬ್ರಿಟಿಷ್ ನೌಕಾಪಡೆ ಬೀಗ ಹಾಕಿ ಕೂತಿದೆ. ಹೀಗಿರುವಾಗ "ಯಾರು ಬಂದರೂ ಮಾರುತ್ತೇವೆ" ಅಂದರೆ ಒಬ್ಬನಿಗೆ ಮಾತ್ರ ಮಾರುತ್ತೇವೆ ಅಂತಲೇ ಅರ್ಥ.

ಇನ್ನು ಸಾಲ. ಯುದ್ಧ ಶುರುವಾದಾಗ ಇದೇ ಬ್ರಯಾನ್, ಯುದ್ಧ ಮಾಡುವವರಿಗೆ ಸಾಲ ಕೊಡುವುದು ತಟಸ್ಥ ನೀತಿಗೆ ಒಗ್ಗುವುದಿಲ್ಲ ಎಂದಿದ್ದರು. ಅವರು ಹೋಗಿ ನಾಲ್ಕೇ ತಿಂಗಳು, 1915ರ ಅಕ್ಟೋಬರ್‌ನಲ್ಲಿ ಜೆ.ಪಿ. ಮಾರ್ಗನ್ ಬ್ಯಾಂಕ್ ಬ್ರಿಟನ್ ಮತ್ತು ಫ್ರಾನ್ಸಿಗೆ 50 ಕೋಟಿ ಡಾಲರ್ ಸಾಲ ಎತ್ತಿಕೊಟ್ಟಿತು. 1917ರ ಹೊತ್ತಿಗೆ ಮಿತ್ರಕೂಟಕ್ಕೆ ಹೋದ ಸಾಲ 200 ಕೋಟಿ ದಾಟಿತ್ತು. ಜರ್ಮನಿಗೆ ಸಿಕ್ಕಿದ್ದು ಮೂರು ಕೋಟಿಯೂ ಇಲ್ಲ. ಸಾಲಗಾರ ಸೋತರೆ ಕೊಟ್ಟವನೂ ಮುಳುಗುತ್ತಾನೆ. ಇದಕ್ಕಿಂತ ಏನು ಬೇಕು?

ಯುದ್ಧ ಘೋಷಣೆಯ ಚರ್ಚೆಯಲ್ಲಿ ನೆಬ್ರಾಸ್ಕಾದ ಸೆನೆಟರ್ ಜಾರ್ಜ್ ನಾರಿಸ್ ಇದನ್ನೇ ಎದ್ದು ನಿಂತು ಹೇಳಿದರು. ನಾವು ಅಮೆರಿಕದ ಬಾವುಟದ ಮೇಲೆ ಡಾಲರ್ ಗುರುತು ಹಾಕಲು ಹೊರಟಿದ್ದೇವೆ ಅಂತ.

ಕಡಲಕಾಗೆ
ಮೇಷ್ಟ್ರೇ, ಅಂಕಿ ಸರಿ. ಆದರೆ ನಿಮ್ಮ ವಾದದಲ್ಲಿ ಒಂದು ತೂತು ಇದೆ. ಬ್ಯಾಂಕಿನ ಒತ್ತಡಕ್ಕೇ ವಿಲ್ಸನ್ ಯುದ್ಧಕ್ಕೆ ಇಳಿದಿದ್ದರೆ, 1916ರ ನವೆಂಬರ್ ಕೊನೆಯಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನ ಮಂಡಳಿ ಯಾಕೆ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತು? ಏನೂ ಅಡವಿಲ್ಲದ ವಿದೇಶಿ ಸಾಲಪತ್ರ ಕೊಳ್ಳುವಾಗ ಹುಷಾರು ಅಂತ. ವಿಲ್ಸನ್‌ಗೆ ಗೊತ್ತಿದ್ದೇ ಆಗಿದ್ದು ಅದು. ಅವರು ಅದರ ಮಾತನ್ನು ಇನ್ನಷ್ಟು ಬಿಗಿ ಮಾಡಿಸಿದರು ಕೂಡ. ಮಾರ್ಗನ್ ಆಗ ಬ್ರಿಟನ್ನಿನ ಅಂಥದ್ದೇ ಪತ್ರಗಳನ್ನು ಮಾರಲು ಹೊರಟಿತ್ತು, ಕೈಬಿಡಬೇಕಾಯಿತು.

ಆಗ ವಿಲ್ಸನ್‌ಗೆ ಬ್ರಿಟನ್ ಮೇಲೆ ಸಿಟ್ಟು. ಜುಲೈನಲ್ಲಿ ಬ್ರಿಟನ್ ಅಮೆರಿಕದ ಹತ್ತಾರು ಕಂಪನಿಗಳನ್ನೇ ಕಪ್ಪುಪಟ್ಟಿಗೆ ಸೇರಿಸಿತ್ತು. ಐರ್ಲೆಂಡ್‌ನಲ್ಲಿ ಬ್ರಿಟಿಷರ ವಿರುದ್ಧ ಎದ್ದ ಈಸ್ಟರ್ ದಂಗೆಯ ನಾಯಕರನ್ನು ಗುಂಡಿಟ್ಟು ಕೊಂದದ್ದು ಅಮೆರಿಕದ ಐರಿಷ್ ಜನಕ್ಕೆ ಉರಿಯುತ್ತಿತ್ತು. ಸಾಲದ ನಲ್ಲಿ ತಿರುಗಿಸಿ ಬ್ರಿಟನ್ನನ್ನು ಸಂಧಾನಕ್ಕೆ ಕೂರಿಸಬಹುದು ಅಂತ ಅವರ ಲೆಕ್ಕ.

ಈಗ ಮುಖ್ಯ ವಿಷಯ. ಬ್ರಿಟನ್ನಿನ ಕೈಯಲ್ಲಿ ಅಡವಿಡಲು ಚಿನ್ನ, ಷೇರು ಎಲ್ಲ ಕರಗುತ್ತಾ ಬಂದಿತ್ತು. 1917ರ ವಸಂತದ ಹೊತ್ತಿಗೆ ಕೆಲವೇ ವಾರಗಳಿಗೆ ಸಾಲುವಷ್ಟು ಉಳಿದಿತ್ತು. ಅಂದರೆ ಜರ್ಮನಿ ಏನೂ ಮಾಡದೆ ಸುಮ್ನೆ ಕೂತಿದ್ದರೆ ಸಾಕಿತ್ತು! ಆದರೆ ಸರಿಯಾಗಿ ಅದೇ ಹೊತ್ತಿಗೆ, 1917ರ ಜನವರಿ 9ರಂದು, ಪ್ಲೆಸ್ ಕೋಟೆಯಲ್ಲಿ ಜರ್ಮನಿಯ ದೊರೆ ಕೈಸರ್ ಮುಂದೆ ಸಭೆ ಸೇರಿ, ಫೆಬ್ರವರಿ 1ರಿಂದ ಕಂಡ ಹಡಗನ್ನೆಲ್ಲ ಎಚ್ಚರಿಕೆ ಇಲ್ಲದೆ ಮುಳುಗಿಸುವುದು ಅಂತ ತೀರ್ಮಾನ ಮಾಡಿದರು.

ಹಳೇಪುಟ
ಯಾಕೆ? ಅಮೆರಿಕ ಬರುತ್ತೆ ಅಂತ ಗೊತ್ತಿರಲಿಲ್ವಾ?

ಕಡಲಕಾಗೆ
ಚೆನ್ನಾಗಿ ಗೊತ್ತಿತ್ತು. ಅದೇ ಈ ಕಥೆಯ ವಿಚಿತ್ರ. ನೌಕಾಪಡೆಯ ಮುಖ್ಯಸ್ಥ ಹೋಲ್ಟ್‌ಸೆಂಡೋರ್ಫ್ ಡಿಸೆಂಬರ್‌ನಲ್ಲೇ ಉದ್ದನೆಯ ಟಿಪ್ಪಣಿ ಬರೆದಿದ್ದರು. ತಿಂಗಳಿಗೆ 6 ಲಕ್ಷ ಟನ್ ಹಡಗು ಮುಳುಗಿಸುತ್ತೇವೆ, ತಟಸ್ಥ ದೇಶಗಳ ಹಡಗುಗಳು ಹೆದರಿ ಬರುವುದನ್ನೇ ನಿಲ್ಲಿಸುತ್ತವೆ, ಬ್ರಿಟನ್ನಿಗೆ ಗೋಧಿ ಸಿಗುವುದಿಲ್ಲ, ಐದು ತಿಂಗಳಲ್ಲಿ ಶರಣಾಗುತ್ತೆ. ಅಮೆರಿಕ ಯುದ್ಧ ಘೋಷಿಸಿ, ಸೈನ್ಯ ಕಟ್ಟಿ, ಸಮುದ್ರ ದಾಟಿಸುವ ಹೊತ್ತಿಗೆ ಆಟ ಮುಗಿದಿರುತ್ತೆ. ಪುಟಗಟ್ಟಲೆ ಕೋಷ್ಟಕ, ಅಂಕಿ ಅಂಶ. ಚಾನ್ಸಲರ್ ಬೆಥ್‌ಮನ್ ಹಾಲ್‌ವೆಗ್ ಒಬ್ಬರೇ ಬೇಡ ಬೇಡ ಅನ್ನುತ್ತಿದ್ದರು. ಹಿಂಡೆನ್‌ಬುರ್ಗ್, ಲೂಡೆನ್‌ಡೋರ್ಫ್ ಎಂಬ ಸೇನೆಯ ಇಬ್ಬರು ಮುಖ್ಯಸ್ಥರೂ ಬೇಕು ಅಂದ ಮೇಲೆ ಅವರೂ ಕೈಚೆಲ್ಲಿದರು.

ತಮಾಷೆ ಅಂದರೆ ಅಂಕಿ ತೀರಾ ಸುಳ್ಳೂ ಆಗಲಿಲ್ಲ. ಏಪ್ರಿಲ್ ಒಂದೇ ತಿಂಗಳಲ್ಲಿ 8 ಲಕ್ಷ ಟನ್‌ಗೂ ಜಾಸ್ತಿ ಮುಳುಗಿಸಿದರು. ಸುಳ್ಳಾಗಿದ್ದು ಬ್ರಿಟನ್ ಸುಮ್ನೆ ಕೂರುತ್ತೆ ಅನ್ನುವ ಲೆಕ್ಕ. ಹಡಗುಗಳನ್ನು ಗುಂಪು ಕಟ್ಟಿ ಯುದ್ಧನೌಕೆಯ ಕಾವಲಿನಲ್ಲಿ ಕಳಿಸಲು ಶುರು ಮಾಡಿದ ಮೇಲೆ ಸಬ್‌ಮರೀನ್ ಆಟ ನಿಧಾನಕ್ಕೆ ಇಳಿಯಿತು.

ಲೆಕ್ಕದಮೇಷ್ಟ್ರು
ಫೆಡರಲ್ ರಿಸರ್ವ್ ವಿಷಯ ಒಪ್ಪುತ್ತೇನೆ. ಆದರೂ ಹೇಳುತ್ತೇನೆ. ಜರ್ಮನಿ ಆ ತೀರ್ಮಾನಕ್ಕೆ ಬಂದದ್ದು ಯಾಕೆ? ಅಮೆರಿಕದಿಂದ ಬ್ರಿಟನ್ನಿಗೆ ಹೋಗುವ ಸರಕಿನ ದೆಸೆಯಿಂದ. ಜರ್ಮನ್ ಜನರಲ್‌ಗಳ ಕಣ್ಣಲ್ಲಿ ಅಮೆರಿಕ ಆಗಲೇ ಯುದ್ಧದಲ್ಲಿತ್ತು. ಸೈನಿಕರನ್ನು ಮಾತ್ರ ಕಳಿಸಿರಲಿಲ್ಲ. "ಹೇಗೂ ಶತ್ರುವೇ ತಾನೆ" ಅಂತ ಅನ್ನಿಸುವ ಹಾಗೆ ಮಾಡಿದ್ದು ಅದೇ ವ್ಯಾಪಾರ. ಹಾಗಾಗಿ ನನ್ನ ಒಂದು ಪದದ ಉತ್ತರ ಅಲ್ಲೇ ಇರಲಿ.

ಪುಟ್ಟಕೋಲು
ಎರಡು ವರ್ಷದ ಮಧ್ಯೆ ಏನಾಯಿತು ಅಂತ ಇನ್ನೂ ಯಾರೂ ಪೂರ್ತಿ ಹೇಳಲಿಲ್ಲ. ನಾಳಿದ್ದು ನನಗೆ ಪರೀಕ್ಷೆ ಇದೆ, ಯಾರಾದರೂ ಸಣ್ಣದಾಗಿ ಬರೆಯಿರಿ ಪ್ಲೀಸ್ 🙏

ಅಂಚೆಪೆಟ್ಟಿಗೆ
ಪುಟ್ಟಕೋಲು, ಬರೆದುಕೋ. 1915ರ ಆಗಸ್ಟ್‌ನಲ್ಲಿ ಅರಾಬಿಕ್ ಎಂಬ ಇನ್ನೊಂದು ಹಡಗು ಮುಳುಗಿತು. ಪ್ರಯಾಣಿಕರ ಹಡಗು ಹೊಡೆಯುವುದಿಲ್ಲ ಅಂತ ಜರ್ಮನಿ ಮಾತು ಕೊಟ್ಟಿತು. 1916ರ ಮಾರ್ಚ್‌ನಲ್ಲಿ ಇಂಗ್ಲಿಷ್ ಕಾಲುವೆಯಲ್ಲಿ ಸಸೆಕ್ಸ್ ಎಂಬ ಫ್ರೆಂಚ್ ಹಡಗಿಗೆ ಟಾರ್ಪೆಡೊ. ಇನ್ನೊಮ್ಮೆ ಹೀಗಾದರೆ ಸಂಬಂಧವೇ ಕಡಿದುಕೊಳ್ಳುತ್ತೇವೆ ಅಂತ ವಿಲ್ಸನ್ ಬೆದರಿಕೆ. ಮೇ ತಿಂಗಳಲ್ಲಿ ಜರ್ಮನಿ ಇನ್ನೂ ದೊಡ್ಡ ಮಾತು ಕೊಟ್ಟಿತು. ಆದರೆ ಕೊನೆಗೆ ಒಂದು ಬಾಲ ಸೇರಿಸಿತು, ಬ್ರಿಟನ್ ದಿಗ್ಬಂಧನ ಸಡಿಲಿಸುವ ಹಾಗೆ ನೀವು ಮಾಡಬೇಕು ಅಂತ. ವಿಲ್ಸನ್ ಮಾತನ್ನು ತಗೊಂಡರು, ಬಾಲ ಕತ್ತರಿಸಿದರು. ಸುಮಾರು ಒಂಬತ್ತು ತಿಂಗಳು ಸಮುದ್ರ ತಣ್ಣಗಿತ್ತು. ಆ ಸಮಯದಲ್ಲೇ ಚುನಾವಣೆ ಬಂತು.

ಚುನಾವಣೆಯೂ ಕೂದಲೆಳೆಯಲ್ಲಿ ಗೆದ್ದದ್ದು. ಕ್ಯಾಲಿಫೋರ್ನಿಯಾದಲ್ಲಿ 4,000ಕ್ಕೂ ಕಡಿಮೆ ಮತಗಳ ಅಂತರ. ಅದು ಆಚೆ ಹೋಗಿದ್ದರೆ ಎದುರಾಳಿ ಹ್ಯೂಸ್ ಅಧ್ಯಕ್ಷರಾಗುತ್ತಿದ್ದರು.

ವಿಲ್ಸನ್ ಬೆದರಿಕೆ ಹಾಕಿದ್ದೇ ಅವರಿಗೆ ಉರುಳಾಯಿತು ಅನ್ನುವುದನ್ನೂ ಬರೆದುಕೋ. "ಇನ್ನೊಮ್ಮೆ ಮಾಡಿದರೆ" ಅಂತ ಒಮ್ಮೆ ಬಾಯಿಬಿಟ್ಟು ಹೇಳಿದ ಮೇಲೆ, ಇನ್ನೊಮ್ಮೆ ಮಾಡುವುದೋ ಬಿಡುವುದೋ ಬರ್ಲಿನ್ ಕೈಯಲ್ಲಿತ್ತು. ಯುದ್ಧದ ಕೀಲಿಯನ್ನು ಇವರೇ ಕೈಯಾರೆ ಅವರಿಗೆ ಕೊಟ್ಟ ಹಾಗೆ.

ಪುಟ್ಟಕೋಲು
ಥ್ಯಾಂಕ್ಸ್ ಸಾರ್! ಇಷ್ಟು ಬರೆದರೆ ಐದು ಅಂಕ ಗ್ಯಾರಂಟಿ

ಮಳೆಬಿಲ್ಲು
ಸಾರ್ ಅಂತ ಹೇಗೆ ಗೊತ್ತಾಯ್ತು? ಮೇಡಂ ಇರಬಹುದು 😄

ಸಂಶಯಪಿಶಾಚಿ
ಇಷ್ಟೆಲ್ಲ ಮಾತಾಡಿದಿರಿ, ಜಿಮ್ಮರ್‌ಮನ್ ಟೆಲಿಗ್ರಾಂ ಯಾರೂ ಎತ್ತಲಿಲ್ಲ. ಅದು ಬ್ರಿಟಿಷರು ತಾವೇ ಬರೆದು ಹರಿಬಿಟ್ಟದ್ದು. ಮೆಕ್ಸಿಕೊಗೆ ಟೆಕ್ಸಾಸ್ ಕೊಡುತ್ತೇವೆ ಅಂತ ಯಾವ ಮೂರ್ಖ ಬರೆಯುತ್ತಾನೆ?

ನಿದ್ದೆಗೆಟ್ಟವ
ಜಿಮ್ಮರ್‌ಮನ್ ಎಂಬ ಮೂರ್ಖ, ಜರ್ಮನಿಯ ವಿದೇಶಾಂಗ ಕಾರ್ಯದರ್ಶಿ, ಬರೆಯುತ್ತಾನೆ. 1917ರ ಮಾರ್ಚ್ 3ರಂದು ತಾನೇ ಪತ್ರಕರ್ತರ ಮುಂದೆ "ಹೌದು, ನಾನೇ ಕಳಿಸಿದ್ದು" ಅಂತ ಒಪ್ಪಿಕೊಂಡ. ಅಮೆರಿಕದಲ್ಲೂ ನಿಮ್ಮ ಹಾಗೇ ನಕಲಿ ಅಂದವರಿದ್ದರು. ಸುಮ್ನೆ "ನನಗೆ ಗೊತ್ತಿಲ್ಲ" ಅಂದಿದ್ದರೆ ಅರ್ಧ ಅಮೆರಿಕ ನಂಬುತ್ತಿತ್ತು. ಮನುಷ್ಯ ಪ್ರಾಮಾಣಿಕ!

ಕಥೆ ರಸವತ್ತಾಗಿದೆ, ಕೇಳಿ. ಯುದ್ಧ ಶುರುವಾದ ಕೂಡಲೇ ಬ್ರಿಟನ್ ಜರ್ಮನಿಯ ಸಮುದ್ರದಡಿಯ ತಂತಿಗಳನ್ನು ಕತ್ತರಿಸಿತ್ತು. ವಿಲ್ಸನ್ ಶಾಂತಿ ಸಂಧಾನ ನಡೆಯಲಿ ಅಂತ, ಅಮೆರಿಕದ ರಾಯಭಾರ ಕಚೇರಿಯ ತಂತಿಯಲ್ಲೇ ಜರ್ಮನರು ಸಂದೇಶ ಕಳಿಸಲು ಬಿಟ್ಟಿದ್ದರು. ಜಿಮ್ಮರ್‌ಮನ್ ಜನವರಿ 16ರಂದು ಆ ಟೆಲಿಗ್ರಾಂ ಕಳಿಸಿದ್ದು ಅದೇ ತಂತಿಯಲ್ಲಿ! ಅಮೆರಿಕದ ವಿರುದ್ಧದ ಸಂಚು ಅಮೆರಿಕದ ಖರ್ಚಿನಲ್ಲೇ ಹೋಯಿತು. ಆ ತಂತಿ ಹಾದು ಹೋಗುತ್ತಿದ್ದದ್ದು ಲಂಡನ್ ಮೂಲಕ. ಬ್ರಿಟಿಷ್ ನೌಕಾಪಡೆಯ ಗೂಢಲಿಪಿ ಒಡೆಯುವ ತಂಡ ಅದನ್ನು ಓದಿಬಿಟ್ಟಿತು. ಆ ತಂಡಕ್ಕೆ ಹೆಸರೂ ಇರಲಿಲ್ಲ, ಕೂತ ಕೋಣೆಯ ನಂಬರ್ 40, ಅದೇ ಹೆಸರಾಯಿತು.

ಈಗ ಬ್ರಿಟನ್ನಿಗೆ ಪೇಚಾಟ. ತೋರಿಸಿದರೆ ಅಮೆರಿಕದ ತಂತಿಯನ್ನು ಕದ್ದು ಓದುತ್ತಿದ್ದದ್ದು ಬಯಲಾಗುತ್ತೆ. ತೋರಿಸದಿದ್ದರೆ ಇಂಥ ಅವಕಾಶ ಮತ್ತೆ ಬರಲ್ಲ. ವಾಷಿಂಗ್ಟನ್‌ನ ಜರ್ಮನ್ ರಾಯಭಾರಿ ಅದನ್ನು ಮೆಕ್ಸಿಕೊಗೆ ಸಾಮಾನ್ಯ ಟೆಲಿಗ್ರಾಂ ಮೂಲಕ ದಾಟಿಸಿದ್ದರು. ಬ್ರಿಟನ್ ಮೆಕ್ಸಿಕೊ ನಗರದ ತಂತಿ ಕಚೇರಿಯಿಂದ ಆ ಪ್ರತಿಯನ್ನು ಎಗರಿಸಿತು. "ನಮಗೆ ಅಲ್ಲಿ ಸಿಕ್ಕಿತು" ಅಂತ ಅದನ್ನೇ ಅಮೆರಿಕಕ್ಕೆ ಕೊಟ್ಟಿತು. ಮಾರ್ಚ್ 1ಕ್ಕೆ ಪತ್ರಿಕೆಗಳಲ್ಲಿ ಬಂತು. ಟೆಕ್ಸಾಸ್, ನ್ಯೂ ಮೆಕ್ಸಿಕೊ, ಅರಿಜೋನಾ ವಾಪಸ್ ಪಡೆಯಲು ಮೆಕ್ಸಿಕೊಗೆ ಸಹಾಯ, ಜೊತೆಗೆ ಜಪಾನನ್ನೂ ಕರೆತರಬೇಕು. ಸಮುದ್ರ ಕಂಡೇ ಇಲ್ಲದ ಒಳನಾಡಿನ ರೈತನಿಗೆ ಸಬ್‌ಮರೀನ್ ದೂರದ ವಿಷಯ. ಟೆಕ್ಸಾಸ್ ಅಂದರೆ ಹಾಗಲ್ಲ.

ಸಂಶಯಪಿಶಾಚಿ
ಒಪ್ಪಿಕೊಂಡ ಅಂದರೆ ಸರಿ, ನಕಲಿ ಅಲ್ಲ. ಆದರೆ ಟೆಲಿಗ್ರಾಂನಲ್ಲೇ ಇದೆ ತಾನೆ, ಅಮೆರಿಕ ತಟಸ್ಥವಾಗಿ ಉಳಿಯದಿದ್ದರೆ ಮಾತ್ರ ಅಂತ? ಅದನ್ನು ನುಂಗಿಬಿಟ್ಟಿರಿ.

ನಿದ್ದೆಗೆಟ್ಟವ
ಸರಿ, ಆ ಷರತ್ತು ಇತ್ತು. ನೀವು ಒಂದು ಸಲವಾದರೂ ಸರಿಯಾದ ಜಾಗದಲ್ಲಿ ಸಂಶಯಪಟ್ಟಿರಿ.

ಗಾಳಿಪಟ
ಮೆಕ್ಸಿಕೊ ಏನು ಮಾಡಿತು ಕೊನೆಗೆ?

ಅಂಚೆಪೆಟ್ಟಿಗೆ
ಅಧ್ಯಕ್ಷ ಕರಾಂಜಾ ವಿಚಾರಿಸಿ ನೋಡಿ ಬೇಡ ಅಂದರು. ಅವರಿಗೇ ಒಳಜಗಳ ಸಾಕಾಗಿತ್ತು. ಬಂಡಾಯಗಾರ ಪಾಂಚೊ ವಿಯಾನನ್ನು ಹುಡುಕುತ್ತಾ ಬಂದ ಪರ್ಶಿಂಗ್‌ನ ಅಮೆರಿಕನ್ ಸೈನ್ಯ ಫೆಬ್ರವರಿಯಲ್ಲಷ್ಟೇ ಮೆಕ್ಸಿಕೊ ಬಿಟ್ಟಿತ್ತು. ಮುಂದೆ ಫ್ರಾನ್ಸಿಗೆ ಹೋದ ಅಮೆರಿಕನ್ ಸೈನ್ಯಕ್ಕೂ ಅದೇ ಪರ್ಶಿಂಗ್ ಸೇನಾಪತಿ.

ಗಾಳಿಪಟ
ಜರ್ಮನರ ಗೂಢಚಾರಿಕೆ ಬಗ್ಗೆ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಲಿಬರ್ಟಿ ಪ್ರತಿಮೆ ನೋಡಲು ಹೋಗಿದ್ದಾಗ ಕೈಯಲ್ಲಿರುವ ಪಂಜಿನ ತನಕ ಹತ್ತಬಹುದಾ ಅಂತ ಕೇಳಿದೆ. 1916ರಿಂದ ಮುಚ್ಚಿದೆ ಅಂದರು. ಕಾರಣ ಕೇಳಿ ಬೆಚ್ಚಿದೆ. ಜುಲೈ 30ರ ರಾತ್ರಿ ಪಕ್ಕದ ಬ್ಲ್ಯಾಕ್ ಟಾಮ್ ಎಂಬಲ್ಲಿ ಮಿತ್ರಕೂಟಕ್ಕೆ ಹೋಗಬೇಕಿದ್ದ ಮದ್ದುಗುಂಡಿನ ರಾಶಿಗೆ ಜರ್ಮನ್ ಏಜೆಂಟರು ಬೆಂಕಿ ಇಟ್ಟಿದ್ದರಂತೆ. ಪ್ರತಿಮೆಗೂ ಏಟು ಬಿತ್ತು. ಆಗ ಅಮೆರಿಕ ಇನ್ನೂ ತಟಸ್ಥ ದೇಶ!

ನಿದ್ದೆಗೆಟ್ಟವ
ಬ್ರೀಫ್‌ಕೇಸ್ ಕಥೆ ಗೊತ್ತಾ? 1915ರ ಜುಲೈ. ಹೈನ್ರಿಕ್ ಆಲ್ಬರ್ಟ್ ಎಂಬ ಜರ್ಮನ್ ಅಧಿಕಾರಿ, ಅಮೆರಿಕದಲ್ಲಿ ಪ್ರಚಾರಕ್ಕೂ ಸಂಚಿಗೂ ದುಡ್ಡು ಹಂಚುವ ಮನುಷ್ಯ, ನ್ಯೂಯಾರ್ಕಿನ ರೈಲಿನಲ್ಲಿ ಹೋಗುತ್ತಿದ್ದ. ತನ್ನ ನಿಲ್ದಾಣ ಬಂದದ್ದು ಗೊತ್ತಾಗದೆ ಗಡಿಬಿಡಿಯಲ್ಲಿ ಇಳಿದ. ಬ್ರೀಫ್‌ಕೇಸ್ ಸೀಟಿನಲ್ಲೇ ಉಳಿಯಿತು. ಹಿಂದೆಯೇ ಕೂತಿದ್ದವನು ಅಮೆರಿಕದ ಸೀಕ್ರೆಟ್ ಸರ್ವಿಸ್‌ನವನು. ಎತ್ತಿಕೊಂಡು ಓಡಿದ. ಆಲ್ಬರ್ಟ್ ಬೀದಿಯಲ್ಲಿ ಬೆನ್ನಟ್ಟಿದ, ಇವನು ಟ್ರಾಮ್ ಹತ್ತಿ ಪಾರಾದ. ಕಾಗದಗಳೆಲ್ಲ ಆಗಸ್ಟ್‌ನಲ್ಲಿ ಪತ್ರಿಕೆಯಲ್ಲಿ ಅಚ್ಚಾದವು. ವರ್ಷದ ಕೊನೆಗೆ ಜರ್ಮನ್ ರಾಯಭಾರ ಕಚೇರಿಯ ಫಾನ್ ಪಾಪೆನ್ ಎಂಬ ಸೇನಾ ಅಧಿಕಾರಿಯನ್ನೂ ದೇಶದಿಂದ ಹೊರಹಾಕಿದರು. 1932ರಲ್ಲಿ ಜರ್ಮನಿಯ ಚಾನ್ಸಲರ್ ಆದದ್ದು ಅದೇ ಪಾಪೆನ್.

ಮಳೆಬಿಲ್ಲು
ಇದೇ ಪಾಪೆನ್ ಅಮೆರಿಕದಲ್ಲಿದ್ದು ಭಾರತದ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದ ನಮ್ಮ ಗದರ್ ಪಕ್ಷದವರಿಗೂ ಶಸ್ತ್ರ ಕೊಡಿಸಿದ್ದು ಅಲ್ವಾ?

ಅಂಚೆಪೆಟ್ಟಿಗೆ
ಹೌದು. ಆನಿ ಲಾರ್ಸನ್ ಎಂಬ ಹಾಯಿ ಹಡಗಿನಲ್ಲಿ ರೈಫಲ್ ತುಂಬಿ ಕಳಿಸಿದರು. ಮೆಕ್ಸಿಕೊ ಕಡೆಯ ಒಂದು ದ್ವೀಪದ ಹತ್ತಿರ ಮ್ಯಾವರಿಕ್ ಎಂಬ ಇನ್ನೊಂದು ಹಡಗು ಬಂದು ಅದನ್ನು ವರ್ಗಾಯಿಸಿಕೊಳ್ಳಬೇಕಿತ್ತು. ಎರಡೂ ಸೇರಲೇ ಇಲ್ಲ. ಅಲೆದಲೆದು ಆನಿ ಲಾರ್ಸನ್ 1915ರ ಜೂನ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಬಂದರಿಗೆ ಬಂತು, ಶಸ್ತ್ರ ಎಲ್ಲ ಜಪ್ತಿ ಆಯಿತು.

ಆದರೆ ಗಮನಿಸಿ, ಗದರ್‌ನವರ ಮೇಲಿನ ದೊಡ್ಡ ಮೊಕದ್ದಮೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುವಾದದ್ದು 1917ರ ನವೆಂಬರ್‌ನಲ್ಲಿ. ಅಂದರೆ ಅಮೆರಿಕ ಯುದ್ಧಕ್ಕೆ ಸೇರಿದ ಮೇಲೆ. ಆರೋಪ ಏನು? ಅಮೆರಿಕದ ತಟಸ್ಥ ನೀತಿಯನ್ನು ಮುರಿದರು ಅಂತ! ತಟಸ್ಥ ನೀತಿಯನ್ನು ದೇಶವೇ ಬಿಟ್ಟು ಏಳು ತಿಂಗಳಾಗಿತ್ತು. 1918ರ ಏಪ್ರಿಲ್‌ನಲ್ಲಿ ವಿಚಾರಣೆಯ ಕೊನೇ ದಿನ ಕೋರ್ಟ್ ಒಳಗೇ ರಾಮ್ ಸಿಂಗ್ ಎಂಬಾತ ತಮ್ಮದೇ ನಾಯಕ ರಾಮ್‌ಚಂದ್ರನನ್ನು ಗುಂಡಿಟ್ಟು ಕೊಂದ. ಅವನನ್ನು ಅಲ್ಲೇ ಇದ್ದ ಮಾರ್ಷಲ್ ಕೊಂದ.

ಲೆಕ್ಕದಮೇಷ್ಟ್ರು
ಮಾರ್ಗನ್ ಬ್ಯಾಂಕ್ ಶಸ್ತ್ರ ಕೊಡಿಸಿದರೆ ವ್ಯಾಪಾರ. ಗದರ್‌ನವರು ಕೊಂಡರೆ ತಟಸ್ಥ ನೀತಿಗೆ ದ್ರೋಹ. ನೋಡಿ.

ಕಡಲಕಾಗೆ
ಮೇಷ್ಟ್ರೇ, ಕಾನೂನಿನಲ್ಲಿ ಅದು ನಿಜವಾಗಲೂ ಬೇರೆ ಬೇರೆ. ಖಾಸಗಿಯವರು ಶಸ್ತ್ರ ಮಾರುವುದಕ್ಕೆ ಅಡ್ಡಿ ಇರಲಿಲ್ಲ. ಶಾಂತಿಯಲ್ಲಿರುವ ದೇಶದ ವಿರುದ್ಧ ಈ ನೆಲದಿಂದ ದಂಡಯಾತ್ರೆ ಹೊರಡಿಸುವುದು ಅಪರಾಧ. ನ್ಯಾಯ ಅಂತ ಹೇಳುತ್ತಿಲ್ಲ, ಕಾನೂನು ಅಂತ ಹೇಳುತ್ತಿದ್ದೇನೆ.

ಹಳೇಪುಟ
ಎಳೆ ಎಲ್ಲಿಗೋ ಹೋಯಿತು. ಫೆಬ್ರವರಿ 1ರಿಂದ ಏಪ್ರಿಲ್ 6ರವರೆಗೆ ಏನಾಯಿತು? ಆಗಲೂ ಎರಡು ತಿಂಗಳು ಕಾದರಲ್ಲ?

ಅಂಚೆಪೆಟ್ಟಿಗೆ
ಫೆಬ್ರವರಿ 3ಕ್ಕೆ ರಾಜತಾಂತ್ರಿಕ ಸಂಬಂಧ ಕಡಿದರು. ಅಷ್ಟೇ, ಯುದ್ಧ ಇಲ್ಲ. ಜರ್ಮನಿ ನಿಜವಾಗಿ ಹೊಡೆದರೆ ನೋಡೋಣ ಅಂತ ಕಾದರು. ವ್ಯಾಪಾರದ ಹಡಗುಗಳಿಗೆ ಫಿರಂಗಿ ಹಾಕೋಣ ಅಂತ ಮಸೂದೆ ತಂದರು. ಲಾ ಫಾಲೆಟ್ ಮುಂತಾದ ಸೆನೆಟರ್‌ಗಳು ಅಧಿವೇಶನ ಮುಗಿಯುವವರೆಗೂ ಮಾತಾಡಿ ಮಾತಾಡಿಯೇ ಅದನ್ನು ತಡೆದರು. ಅದೇ ಸಿಟ್ಟಿಗೆ, ಮಾತು ನಿಲ್ಲಿಸಿ ಮತಕ್ಕೆ ಹಾಕುವ ನಿಯಮ ಸೆನೆಟ್‌ನಲ್ಲಿ ಮೊದಲ ಬಾರಿಗೆ ಬಂತು. ವಿಲ್ಸನ್ ಮಸೂದೆ ಇಲ್ಲದೆಯೇ ಫಿರಂಗಿ ಹಾಕಿಸಿದರು.

ಮಾರ್ಚ್ ಮಧ್ಯದಲ್ಲಿ ಮೂರು ಅಮೆರಿಕನ್ ಹಡಗುಗಳು ಬೆನ್ನಿಗೆ ಬೆನ್ನಿಗೆ ಮುಳುಗಿದವು. ವಿಜಿಲೆನ್ಸಿಯಾ, ಸಿಟಿ ಆಫ್ ಮೆಂಫಿಸ್, ಇಲಿನಾಯ್. ಅದೇ ವಾರ ರಷ್ಯಾದ ಜಾರ್ ಸಿಂಹಾಸನ ಬಿಟ್ಟ. ಇದು ಚಿಕ್ಕ ವಿಷಯ ಅಲ್ಲ. ಅಲ್ಲಿವರೆಗೆ "ಪ್ರಜಾಪ್ರಭುತ್ವಕ್ಕಾಗಿ ಯುದ್ಧ" ಅಂದರೆ ಪಕ್ಕದಲ್ಲಿ ಜಾರ್ ನಿಂತಿರುತ್ತಿದ್ದ, ಜನ ನಗುತ್ತಿದ್ದರು. ಈಗ ಆ ಅಡ್ಡಿಯೂ ಹೋಯಿತು. ಮಾರ್ಚ್ 20ಕ್ಕೆ ಸಚಿವ ಸಂಪುಟದ ಎಲ್ಲರೂ ಯುದ್ಧ ಎಂದರು. ಏಪ್ರಿಲ್ 2ರ ರಾತ್ರಿ ವಿಲ್ಸನ್ ಕಾಂಗ್ರೆಸ್ ಮುಂದೆ ಭಾಷಣ ಮಾಡಿದರು. ಸೆನೆಟ್‌ನಲ್ಲಿ 82–6. ಕೆಳಮನೆಯಲ್ಲಿ 373–50.

ಮಳೆಬಿಲ್ಲು
ಆ 50ರಲ್ಲಿ ಜೆನೆಟ್ ರ‍್ಯಾಂಕಿನ್ ಒಬ್ಬರು. ಅಮೆರಿಕದ ಕಾಂಗ್ರೆಸ್‌ಗೆ ಆಯ್ಕೆಯಾದ ಮೊದಲ ಮಹಿಳೆ. ಬಂದು ಕೂತು ಒಂದು ವಾರವೂ ಆಗಿರಲಿಲ್ಲ. ಮುಂದಿನ ಬಾರಿ ಸೋತರು. ಎರಡು ದಶಕ ಕಳೆದು ಮತ್ತೆ ಗೆದ್ದು ಬಂದರು, ಆಗ ಬಂತು ಪರ್ಲ್ ಹಾರ್ಬರ್. ಜಪಾನ್ ಮೇಲೆ ಯುದ್ಧ ಬೇಡ ಅಂತ ಮತ ಹಾಕಿದವರು ಇಡೀ ಕಾಂಗ್ರೆಸ್‌ನಲ್ಲಿ ಅವರೊಬ್ಬರೇ. ಧೈರ್ಯ ಅಂದರೆ ಇದು.

ನಿದ್ದೆಗೆಟ್ಟವ
ಅಥವಾ ಹಟ.

ಮಳೆಬಿಲ್ಲು
ಗಂಡಸರು ಮಾಡಿದ್ದರೆ ತತ್ವ ಅನ್ನುತ್ತಿದ್ದಿರಿ.

ಗಾಳಿಪಟ
👏👏

ಸಂಶಯಪಿಶಾಚಿ
ಅಮೆರಿಕ ಮಾತ್ರ ಹೀಗಾ? ಇಟಲಿ ಹೇಗೆ ಬಂತು? ಅದು ಜರ್ಮನಿಯ ಮಿತ್ರ ಅಲ್ವಾ?

ಕಡಲಕಾಗೆ
ಇಟಲಿಯದ್ದು ಶುದ್ಧ ಹರಾಜು. 1882ರಿಂದ ಜರ್ಮನಿ, ಆಸ್ಟ್ರಿಯಾ ಜೊತೆ ಒಪ್ಪಂದ. 1914ರಲ್ಲಿ "ಇದು ರಕ್ಷಣೆಗೆ ಮಾಡಿದ ಒಪ್ಪಂದ, ಆಸ್ಟ್ರಿಯಾ ತಾನೇ ದಾಳಿ ಮಾಡಿದೆ" ಅಂತ ತಟಸ್ಥ ಆಯಿತು. ಆಮೇಲೆ ಎರಡೂ ಕಡೆ ಬೆಲೆ ಕೇಳಿತು. ಆಸ್ಟ್ರಿಯಾ ತನ್ನ ನೆಲವನ್ನು ಎಷ್ಟು ಅಂತ ಕೊಡುತ್ತೆ? ಬ್ರಿಟನ್, ಫ್ರಾನ್ಸಿಗೆ ಕೊಡಲು ಸುಲಭ, ಕೊಡುವುದು ಇನ್ನೊಬ್ಬರ ನೆಲ ತಾನೆ. ಟ್ರೆಂಟಿನೊ, ಟ್ರಿಯೆಸ್ಟೆ, ಇಸ್ಟ್ರಿಯಾ, ಡಾಲ್ಮೇಷಿಯಾದ ಒಂದು ಪಾಲು. 1915ರ ಏಪ್ರಿಲ್ 26ಕ್ಕೆ ಲಂಡನ್‌ನಲ್ಲಿ ಗುಟ್ಟಾಗಿ ಸಹಿ, ಮೇ 23ಕ್ಕೆ ಆಸ್ಟ್ರಿಯಾ ಮೇಲೆ ಯುದ್ಧ. ಸಂಸತ್ತಿನಲ್ಲಿ ಬಹುಮತ ಯುದ್ಧದ ವಿರುದ್ಧ ಇತ್ತು. ಬೀದಿಯ ಗಲಾಟೆ, ರಾಜನ ಒತ್ತಡದಲ್ಲಿ ಬಾಯಿ ಮುಚ್ಚಿಕೊಂಡಿತು. ಆ ಗುಟ್ಟಿನ ಒಪ್ಪಂದವನ್ನು 1917ರ ಕೊನೆಯಲ್ಲಿ ರಷ್ಯಾದಲ್ಲಿ ಅಧಿಕಾರ ಹಿಡಿದ ಬೊಲ್ಶೆವಿಕರು ಪತ್ರಿಕೆಯಲ್ಲಿ ಅಚ್ಚು ಹಾಕಿ ಎಲ್ಲರ ಮಾನ ತೆಗೆದರು.

ಪೋರ್ಚುಗಲ್‌ದು ಇನ್ನೊಂದು ಥರ. ಬ್ರಿಟನ್ ಕೇಳಿತು ಅಂತ ತನ್ನ ಬಂದರಿನಲ್ಲಿದ್ದ ಜರ್ಮನ್ ಹಡಗುಗಳನ್ನು 1916ರ ಫೆಬ್ರವರಿಯಲ್ಲಿ ವಶ ಮಾಡಿಕೊಂಡಿತು. ಮಾರ್ಚ್ 9ಕ್ಕೆ ಜರ್ಮನಿಯೇ ಯುದ್ಧ ಘೋಷಿಸಿತು. ರೊಮೇನಿಯಾ ಟ್ರಾನ್ಸಿಲ್ವೇನಿಯಾ ಆಸೆಗೆ 1916ರ ಆಗಸ್ಟ್‌ನಲ್ಲಿ ಇಳಿಯಿತು. ಡಿಸೆಂಬರ್‌ಗೆ ರಾಜಧಾನಿಯನ್ನೇ ಕಳೆದುಕೊಂಡಿತು.

ಹಳೇಪುಟ
ಹಾಗಾದರೆ ಹಾಲೆಂಡ್ ಹೇಗೆ ಬಚಾವಾಯಿತು? ಪಕ್ಕದ ಬೆಲ್ಜಿಯಂ ಮೇಲೆ ನುಗ್ಗಿದ ಜರ್ಮನಿ ಅದನ್ನು ಯಾಕೆ ಬಿಟ್ಟಿತು?

ಕಡಲಕಾಗೆ
ಬಿಟ್ಟದ್ದು ಒಳ್ಳೆತನಕ್ಕಲ್ಲ. ದಿಗ್ಬಂಧನ ಆದರೆ ಸರಕು ತರಿಸಿಕೊಳ್ಳಲು ಒಂದು ತಟಸ್ಥ ಬಂದರು ಇರಲಿ ಅಂತ ಜರ್ಮನ್ ಸೇನೆಯ ಮುಖ್ಯಸ್ಥ ಮೋಲ್ಟ್‌ಕೆ ಮೊದಲೇ ಲೆಕ್ಕ ಹಾಕಿದ್ದರು. ಅದು ಜರ್ಮನಿಯ ಶ್ವಾಸನಾಳ ಅಂತಲೇ ಕರೆದಿದ್ದರು. ಡಚ್ಚರೂ ಜಾಣರು. ವರ್ತಕರೇ ಸೇರಿ ಒಂದು ಸಂಸ್ಥೆ ಕಟ್ಟಿ, ತರಿಸಿದ ಸರಕು ಜರ್ಮನಿಗೆ ಹೋಗುವುದಿಲ್ಲ ಅಂತ ಬ್ರಿಟನ್ನಿಗೆ ಖಾತ್ರಿ ಕೊಟ್ಟರು. ತಮ್ಮ ಹೊಲದಲ್ಲಿ ಬೆಳೆದದ್ದನ್ನು ಜರ್ಮನಿಗೆ ಮಾರಿದರು. ಸೈನ್ಯವನ್ನು ನಾಲ್ಕೂ ವರ್ಷ ಸಜ್ಜಾಗಿಟ್ಟರು. ಎರಡೂ ಕಡೆಯವರಿಗೂ ಹಾಲೆಂಡ್ ತಟಸ್ಥವಾಗಿ ಇರುವುದರಲ್ಲೇ ಲಾಭ ಜಾಸ್ತಿ. ಅಮೆರಿಕದ ವಿಷಯದಲ್ಲಿ 1917ರ ಜನವರಿಯಲ್ಲಿ ಜರ್ಮನಿಗೆ ಹಾಗೆ ಅನ್ನಿಸಲಿಲ್ಲ.

ಲೆಕ್ಕದಮೇಷ್ಟ್ರು
ಹಾಲೆಂಡ್ ಪೂರ್ತಿ ಬಚಾವಾಗಲಿಲ್ಲ. ತಟಸ್ಥ ದೇಶಗಳ ಹಕ್ಕಿಗಾಗಿ ಯುದ್ಧಕ್ಕೆ ಇಳಿದೆವು ಅಂದ ಅಮೆರಿಕ, ಇಳಿದ ವರ್ಷದೊಳಗೇ ಏನು ಮಾಡಿತು? ಡೆನ್ಮಾರ್ಕ್, ಹಾಲೆಂಡ್ ಮುಂತಾದ ತಟಸ್ಥ ದೇಶಗಳಿಗೆ ಧಾನ್ಯ ಕಳಿಸುವುದಕ್ಕೇ ತಡೆ ಹಾಕಿತು. 1918ರ ಮಾರ್ಚ್‌ನಲ್ಲಿ ಬ್ರಿಟನ್ ಜೊತೆ ಸೇರಿ ತಮ್ಮ ಬಂದರುಗಳಲ್ಲಿದ್ದ ನೂರಕ್ಕೂ ಜಾಸ್ತಿ ಡಚ್ ಹಡಗುಗಳನ್ನು ವಶಪಡಿಸಿಕೊಂಡಿತು. ಮೂರು ವರ್ಷ ಬ್ರಿಟನ್ನಿಗೆ ಬರೆದ ದೂರಿನ ಪತ್ರಗಳೆಲ್ಲ ಕಪಾಟಿಗೆ ಹೋದವು. ಆಚಾರ ಹೇಳೋಕೆ, ಬದನೆಕಾಯಿ ತಿನ್ನೋಕೆ.

ನಿದ್ದೆಗೆಟ್ಟವ
ಅದಕ್ಕೆ ಪರಿಹಾರ ಕೊಟ್ಟರು ಮೇಷ್ಟ್ರೇ, ಟಾರ್ಪೆಡೊ ಹೊಡೆಯಲಿಲ್ಲ. ವ್ಯತ್ಯಾಸ ಇದೆ.

ಲೆಕ್ಕದಮೇಷ್ಟ್ರು
ಮತ್ತೆ ದುಡ್ಡು! ನಾನು ಹೇಳಿದ್ದೇ ಅದು.

ಸಂಶಯಪಿಶಾಚಿ
1941ರ ಬಗ್ಗೆಯೂ ಮಾತಾಡೋಣ. ಅಕ್ಟೋಬರ್‌ನಲ್ಲಿ ಜರ್ಮನ್ ಸಬ್‌ಮರೀನ್ ಅಮೆರಿಕದ ರೂಬೆನ್ ಜೇಮ್ಸ್ ಎಂಬ ಯುದ್ಧನೌಕೆಯನ್ನೇ ಮುಳುಗಿಸಿದರೂ ಯುದ್ಧ ಘೋಷಣೆ ಆಗಲಿಲ್ಲ. ಕೊನೆಗೆ ಡಿಸೆಂಬರ್ 11ಕ್ಕೆ ಹಿಟ್ಲರನೇ ಘೋಷಿಸಿದ. ಅವನಿಗೆ ಯಾವ ಲೆಕ್ಕ ಇತ್ತು?

ಅಂಚೆಪೆಟ್ಟಿಗೆ
ಅದಕ್ಕೆ ಬೇರೆ ಎಳೆ ಶುರು ಮಾಡಿ, ಇಲ್ಲಿ ಜಾಗ ಸಾಲಲ್ಲ. ಶುರು ಮಾಡಿದರೆ ಅಮೆರಿಕ ಬ್ರಿಟನ್ನಿಗೆ ಯುದ್ಧಸಾಮಗ್ರಿ ಕೊಟ್ಟ ಲೆಂಡ್-ಲೀಸ್‌ನಿಂದ ಶುರು ಮಾಡಿ, ಇಲ್ಲದಿದ್ದರೆ ಮೇಷ್ಟ್ರು ಬಿಡುವುದಿಲ್ಲ.